ಪುಡಿಯೋ, ಪಸೆಯೋ?

ಕೇಳುಗರೆಲ್ಲರಿಗೂ ನಮಸ್ಕಾರ.

ಮೇಕಪ್ ಹಚ್ಚಲು ಯಾವ ಬ್ರಷ್ ಒಳ್ಳೆಯದು, ಸ್ಪಾಂಜ್ ಬೇಕಾ ಬೇಡವಾ, ಇದನ್ನೆಲ್ಲ ಸ್ವಲ್ಪ ಬಿಡಿಸಿ ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನನಗೆ ತುಂಬಾ ಇಷ್ಟವಾದ ವಿಷಯ. ಆದರೆ ಇರುವ ಸಮಯ ಕಡಿಮೆ. ಹಾಗಾಗಿ ನಿಮಗೆ ಒಂದೇ ಒಂದು ಪ್ರಶ್ನೆ ಕಲಿಸಿ ಹೋಗುತ್ತೇನೆ. ಬ್ರಷ್ ಕೈಗೆ ತಗೊಳ್ಳುವ ಮೊದಲು ಡಬ್ಬಿಯ ಮುಚ್ಚಳ ತೆಗೆದು ನೋಡಿ. ಒಳಗಿರುವುದು ಪುಡಿಯೋ, ಪಸೆಯೋ?

ಕಾಂಪ್ಯಾಕ್ಟ್, ಪೌಡರ್ ಬ್ಲಶ್, ಸಾಮಾನ್ಯ ಐಶ್ಯಾಡೋ, ಇವೆಲ್ಲ ಪುಡಿ. ಮುಖಕ್ಕೆಲ್ಲ ಹಚ್ಚುವ ಫೌಂಡೇಶನ್, ಕಲೆ ಮುಚ್ಚುವ ಕನ್ಸೀಲರ್, ಕೆನ್ನೆಗೆ ಹಚ್ಚುವ ಕ್ರೀಮ್ ಬ್ಲಶ್, ಇವೆಲ್ಲ ಪಸೆ ಇರುವಂಥವು. ಪುಡಿಗೆ ಪ್ರಾಣಿಯ ಕೂದಲಿನ ಬ್ರಷ್. ಪಸೆಗೆ ಸಿಂಥೆಟಿಕ್, ಅಂದರೆ ನೈಲಾನ್‌ನಂಥ ಎಳೆಯ ಬ್ರಷ್, ಇಲ್ಲವೇ ಒದ್ದೆ ಸ್ಪಾಂಜ್. ಇಷ್ಟೇ.

ಯಾಕೆ ಹೀಗೆ? ಈಗ ಕೂತಲ್ಲೇ ನಿಮ್ಮ ತಲೆಯದೊಂದು ಉದ್ದ ಕೂದಲು ಹಿಡಿದುಕೊಳ್ಳಿ. ಬುಡದಿಂದ ತುದಿಗೆ ಎರಡು ಬೆರಳಲ್ಲಿ ಸವರಿ. ನುಣ್ಣಗೆ ಜಾರುತ್ತದೆ, ಅಲ್ವಾ? ಈಗ ತುದಿಯಿಂದ ಬುಡದ ಕಡೆಗೆ ಸವರಿ. ಸ್ವಲ್ಪ ತಡೆಯುತ್ತದೆ. ಕೂದಲಿನ ಮೇಲೆ ಮೀನಿನ ಮೈಯಲ್ಲಿ ಇರುವಂಥ ಸಣ್ಣ ಸಣ್ಣ ಪೊರೆಗಳಿವೆ. ಮೇಕಪ್ ಬ್ರಷ್‌ಗೆ ಬಳಸುವ ಮೇಕೆಯ ಕೂದಲು, ಅಳಿಲಿನ ಕೂದಲು, ಎಲ್ಲವೂ ಹೀಗೇ. ಪುಡಿ ಆ ಪೊರೆಗಳಲ್ಲಿ ಕೂತು ಚರ್ಮದ ಮೇಲೆ ಸ್ವಲ್ಪಸ್ವಲ್ಪವೇ ಇಳಿಯುತ್ತದೆ. ಅದೇ ಬ್ರಷ್ಷನ್ನು ಫೌಂಡೇಶನ್‌ಗೆ ಅದ್ದಿದರೆ ಕೂದಲೇ ಅದನ್ನು ಕುಡಿದುಬಿಡುತ್ತದೆ. ನೈಲಾನ್ ಎಳೆಗೆ ಪೊರೆ ಇಲ್ಲ, ಅದು ಕುಡಿಯುವುದಿಲ್ಲ. ಇನ್ನು ಪ್ರಾಣಿಯ ಕೂದಲು ಬೇಡ ಅನ್ನುವವರಿಗೆ ಪುಡಿಗೆಂದೇ ಮಾಡಿದ ಸಿಂಥೆಟಿಕ್ ಬ್ರಷ್‌ಗಳೂ ಬಂದಿವೆ. ಅದರ ಎಳೆಗಳು ಅಲೆ ಅಲೆಯಾಗಿರುತ್ತವೆ. ಧಾರಾಳವಾಗಿ ತಗೊಳ್ಳಿ.

ಒಂದು ಪ್ರಸಂಗ ಹೇಳಲೇಬೇಕು. ನನ್ನ ಹತ್ತಿರ ಕಲಿಯಲು ಬಂದ ಒಬ್ಬ ಹುಡುಗಿ ಮೊದಲ ದಿನವೇ ಚೀಲದಿಂದ ಮೂರು ಫೌಂಡೇಶನ್ ಬಾಟಲಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ‘ಮೇಡಂ, ನನ್ನ ಮುಖಕ್ಕೆ ಯಾವುದೂ ಒಗ್ಗುತ್ತಿಲ್ಲ. ಗೆರೆ ಗೆರೆ ಕಾಣುತ್ತೆ. ನನ್ನ ಚರ್ಮವೇ ಸರಿ ಇಲ್ಲವೇನೋ’ ಅಂದಳು. ದನಿಯಲ್ಲಿ ಅಳು ಇತ್ತು. ನಾನು ಬಾಟಲಿ ನೋಡಲಿಲ್ಲ. ‘ಯಾವುದರಲ್ಲಿ ಹಚ್ಚುತ್ತೀಯಮ್ಮ, ತೋರಿಸು’ ಅಂದೆ. ಅವಳು ತೆಗೆದದ್ದು ದೊಡ್ಡ, ಮೆತ್ತನೆಯ, ಉಬ್ಬಿದ ಪೌಡರ್ ಬ್ರಷ್! ಒಂದು ಬಿಳಿ ಟಿಶ್ಯೂ ಮೇಲೆ ಆ ಬ್ರಷ್ಷನ್ನು ಒತ್ತಿದೆ. ಫೌಂಡೇಶನ್ ಒಸರಿತು. ಇನ್ನೊಂದು ಟಿಶ್ಯೂ ಮೇಲೆ ಒತ್ತಿದೆ. ಮತ್ತೆ ಒಸರಿತು. ಮುಖಕ್ಕೆ ಹೋಗಬೇಕಾದದ್ದು ಬ್ರಷ್ಷಿನ ಹೊಟ್ಟೆಯಲ್ಲಿ ಕೂತಿತ್ತು.

ಮುಖ ತೊಳೆಸಿದೆ. ಅವಳದೇ ಬಾಟಲಿ, ಅವಳದೇ ಬ್ರಷ್, ಎಡಗೆನ್ನೆಗೆ ಅವಳೇ ಹಚ್ಚಿಕೊಳ್ಳಲಿ ಅಂದೆ. ಬಲಗೆನ್ನೆಗೆ ನಾನು ಅದೇ ಬಾಟಲಿಯಿಂದ ಎರಡೇ ಹನಿ ತಗೊಂಡು ಒದ್ದೆ ಸ್ಪಾಂಜಿನಲ್ಲಿ ತಟ್ಟಿದೆ. ಉಜ್ಜಲಿಲ್ಲ, ತಟ್ಟಿದೆ. ಆಮೇಲೆ ಕನ್ನಡಿ ಕೊಟ್ಟೆ. ಅವಳು ಅಂಗೈಯಿಂದ ಎಡಭಾಗ ಮುಚ್ಚಿಕೊಂಡು ನೋಡಿದಳು. ಬಲಭಾಗ ಮುಚ್ಚಿಕೊಂಡು ನೋಡಿದಳು. ಎಡಗಡೆ ಮೂಗಿನ ಪಕ್ಕ ಪೊರಕೆ ಎಳೆದ ಹಾಗೆ ಗೆರೆಗಳು. ಬಲಗಡೆ ಬರೀ ಚರ್ಮ. ‘ಇದು ಅದೇ ಬಾಟಲೀನಾ ಮೇಡಂ?’ ಅಂತ ಮೂರು ಸಲ ಕೇಳಿದಳು. ಅದೇ ಬಾಟಲಿ! ಪಾಪ, ಎಷ್ಟು ದಿನ ತನ್ನ ಚರ್ಮವನ್ನೇ ಬೈದುಕೊಂಡಿದ್ದಳೋ. ನನಗೆ ಬೇಜಾರಾಗುವುದು ಇದಕ್ಕೇ. ದುಡ್ಡೆಲ್ಲ ಬಾಟಲಿಗೆ ಸುರಿಯುತ್ತೀರಿ, ಬ್ರಷ್ ಮಾತ್ರ ಕೈಗೆ ಸಿಕ್ಕಿದ್ದು. ದಯವಿಟ್ಟು ಕೇಳಿಕೊಳ್ಳಿ: ಪುಡಿಯೋ, ಪಸೆಯೋ?

ಸ್ಪಾಂಜ್ ಒದ್ದೆ ಯಾಕಿರಬೇಕು ಅಂದರೆ, ಒಣ ಸ್ಪಾಂಜ್ ಫೌಂಡೇಶನ್ ಕುಡಿಯುತ್ತದೆ. ಮೊದಲೇ ನೀರು ಕುಡಿದಿದ್ದರೆ ಅದಕ್ಕೆ ಜಾಗ ಇರುವುದಿಲ್ಲ. ನಲ್ಲಿಯ ಕೆಳಗೆ ಹಿಡಿಯಿರಿ. ಪೂರ್ತಿ ಉಬ್ಬಲಿ. ಆಮೇಲೆ ಟವೆಲಿನಲ್ಲಿ ಸುತ್ತಿ ಗಟ್ಟಿಯಾಗಿ ಹಿಂಡಿ. ಕೈಗೆ ತಂಪು ತಾಗಬೇಕು, ಹನಿ ಬೀಳಬಾರದು. ಸ್ಪಾಂಜ್ ಕೂಡ ಇಲ್ಲವಾ? ಚಿಂತೆ ಬೇಡ. ಪಸೆ ಇರುವುದಕ್ಕೆ ಬೆರಳು ಬಹಳ ಒಳ್ಳೆಯ ಸಾಧನ. ಬೆರಳಿನ ಬಿಸಿಗೆ ಕ್ರೀಮ್ ಕರಗಿ ಕೂತುಕೊಳ್ಳುತ್ತದೆ. ಕಣ್ಣಿನ ಕೆಳಗೆ ಉಂಗುರದ ಬೆರಳು ಬಳಸಿ, ಅದರ ಒತ್ತು ಹಗುರ. ಕೈ ತೊಳೆದಿರಬೇಕು, ಅಷ್ಟೇ.

ಸಮಯ ಓಡುತ್ತಿದೆ, ಬೇಗ ಹೇಳುತ್ತೇನೆ. ಬ್ರಷ್ ಕೊಳ್ಳುವಾಗ ಅಂಗೈ ಹಿಂಭಾಗಕ್ಕೆ ಒತ್ತಿ ನೋಡಿ. ಚುಚ್ಚಿದರೆ ಬೇಡ. ಮೆಲ್ಲಗೆ ಎಳೆದಾಗ ಕೂದಲು ಉದುರಿದರೂ ಬೇಡ. ಜಪಾನಿನ ಹಿರೋಶಿಮಾ ಪ್ರಾಂತ್ಯದಲ್ಲಿ ಕುಮಾನೊ ಅಂತ ಒಂದು ಊರಿದೆ, ಬ್ರಷ್ ಮಾಡುವುದಕ್ಕೇ ಹೆಸರಾದ ಊರು. ಅಲ್ಲಿನ ಕಸುಬುದಾರರು ಒಳ್ಳೆಯ ಬ್ರಷ್‌ನ ತುದಿಯನ್ನು ಕತ್ತರಿಯಿಂದ ಸವರುವುದಿಲ್ಲ. ಕೂದಲಿನ ಹುಟ್ಟು ತುದಿ ಉಳಿಯುವ ಹಾಗೆ ಜೋಡಿಸಿಯೇ ಆಕಾರ ತರುತ್ತಾರೆ. ಕತ್ತರಿಸಿದ ತುದಿ ಚುಚ್ಚುತ್ತದೆ, ಅದಕ್ಕೇ. ಕೂದಲು ಒತ್ತಾಗಿದ್ದರೆ ಬಣ್ಣ ಗಾಢವಾಗಿ ಬೀಳುತ್ತದೆ, ಬಿಡಿಬಿಡಿಯಾಗಿದ್ದರೆ ತೆಳ್ಳಗೆ. ಶುರು ಮಾಡುವವರಿಗೆ 4 ಸಾಧನ ಸಾಕು: ಪೌಡರ್‌ಗೆ ಒಂದು, ಬ್ಲಶ್‌ಗೆ ಒಂದು, ಕಣ್ಣಿಗೆ ಒಂದು, ಜೊತೆಗೆ ಒಂದು ಸ್ಪಾಂಜ್. 24 ಬ್ರಷ್‌ಗಳ ಸೆಟ್ ಸುಮ್ನೆ ಜಾಗ ತಿನ್ನುತ್ತದೆ.

ತೊಳೆಯುವ ವಿಷಯ. ಚರ್ಮದ ವೈದ್ಯರು 7ರಿಂದ 10 ದಿನಕ್ಕೊಮ್ಮೆ ಬ್ರಷ್ ತೊಳೆಯಲು ಹೇಳುತ್ತಾರೆ. ಸ್ಪಾಂಜನ್ನು ಮಾತ್ರ ಬಳಸಿದ ಪ್ರತಿ ಸಲ ತೊಳೆಯಿರಿ, ಒದ್ದೆ ಇರುವುದರಲ್ಲಿ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಉಗುರುಬೆಚ್ಚಗಿನ ನೀರು, ಸ್ವಲ್ಪ ಶಾಂಪೂ, ಇಷ್ಟು ಸಾಕು. ತೊಳೆದ ಬ್ರಷ್ಷನ್ನು ಲೋಟದಲ್ಲಿ ನೆಟ್ಟಗೆ ನಿಲ್ಲಿಸಬೇಡಿ. ಕೂದಲನ್ನು ಹಿಡಿದಿಡುವ ಲೋಹದ ಪಟ್ಟಿಯೊಳಗೆ ನೀರು ಇಳಿದು ಅಂಟು ಬಿಡುತ್ತದೆ. ನಾನು ಕಲಿಯುವಾಗ ಹೀಗೇ ಮಾಡಿ, ಒಬ್ಬರ ಕೆನ್ನೆ ತುಂಬ ಕೂದಲು ಉದುರಿಸಿದ್ದೆ. ಒಂದೊಂದಾಗಿ ಹೆಕ್ಕಿ ತೆಗೆಯುವಾಗ ಕೈ ನಡುಗುತ್ತಿತ್ತು. ಮೇಜಿನ ಅಂಚಿಗೆ ಅಡ್ಡ ಮಲಗಿಸಿ, ಕೂದಲಿನ ಭಾಗ ಮಾತ್ರ ಹೊರಗೆ ಚಾಚಿರಲಿ, ಸುತ್ತ ಗಾಳಿಯಾಡಲಿ. ಇವತ್ತು ರಾತ್ರಿ ತೊಳೆದಿಟ್ಟರೆ ಬೆಳಗ್ಗೆ ಮುಟ್ಟಿ ನೋಡಿ. ನಡುವಿನ ಕೂದಲು ಇನ್ನೂ ತಣ್ಣಗಿದ್ದರೆ ಪೌಡರ್‌ಗೆ ಅದ್ದಬೇಡಿ, ಇನ್ನೊಂದಷ್ಟು ಹೊತ್ತು ಬಿಡಿ.

ನಮಸ್ಕಾರ.