ಕಪ್ಪು ಪುಸ್ತಕ ಯಾರದು?

ಕೇಳುಗರಿಗೆ ನಮಸ್ಕಾರ.

ನಾನು ಕೋಲಾರದ ಟೊಮೆಟೊ ಮಾರುಕಟ್ಟೆಯ ಒಂದು ಮಂಡಿಯಲ್ಲಿ ಲೆಕ್ಕ ಬರೆಯುವವನು. ಬಾಕ್ಸ್ ಎಷ್ಟು ಬಂತು, ಹರಾಜಿನಲ್ಲಿ ಯಾವ ಬೆಲೆಗೆ ನಿಂತಿತು ಎಂದು ಬರೆದು, ಕಳೆಯುವುದನ್ನೆಲ್ಲ ಕಳೆದು, ರೈತರ ಕೈಗೆ ಪಟ್ಟಿ ಕೊಡುತ್ತೇನೆ. 2023ರ ಜುಲೈಯಲ್ಲಿ ಹದಿನೈದು ಕಿಲೋ ಬಾಕ್ಸಿಗೆ ಎರಡು ಸಾವಿರ ದಾಟಿದ್ದನ್ನೂ ಬರೆದಿದ್ದೇನೆ, ಬಾಡಿಗೆಯೂ ಗಿಟ್ಟದೆ ರೈತರು ಹಣ್ಣನ್ನು ರಸ್ತೆಗೆ ಸುರಿದು ಹೋದ ದಿನಗಳ ಲೆಕ್ಕವನ್ನೂ ಬರೆದಿದ್ದೇನೆ. ಲೆಕ್ಕದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡಿದವನಲ್ಲ.

ಆದರೆ ಒಂದು ಸುಳ್ಳನ್ನು ಮಾತ್ರ ಹನ್ನೊಂದು ವರ್ಷ ಸಾಕಿದೆ. ಟೊಮೆಟೊಗೆ ಭಾನುವಾರ ಗೊತ್ತಿಲ್ಲ, ಹಣ್ಣಾದ ದಿನವೇ ಬರುತ್ತದೆ. ನಾನು ಮಾತ್ರ ಭಾನುವಾರ ಬೆಳಿಗ್ಗೆ ಮೂರು ಗಂಟೆ ಕಾಣೆಯಾಗುತ್ತಿದ್ದೆ. ಯಾರಾದರೂ ಕೇಳಿದರೆ ನೆಂಟರ ಮನೆ, ರೇಷನ್ ಅಂಗಡಿ, ಹಲ್ಲುನೋವು. ಆರಾಧನೆಗೆ ಹೋಗಿದ್ದೆ ಎಂಬ ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗುತ್ತಿತ್ತು. ನನ್ನ ಹೆಸರಿನಿಂದಲೂ ನಾನು ಕ್ರೈಸ್ತನೆಂದು ತಿಳಿಯುವುದಿಲ್ಲ. ಅದೊಂದು ಅನುಕೂಲವಾಗಿತ್ತು.

ಯಾರೂ ನನ್ನನ್ನು ಹೆದರಿಸಿರಲಿಲ್ಲ ಎಂಬುದನ್ನು ಹೇಳಲೇಬೇಕು. ಮಂಡಿಯಲ್ಲಿ ಆಯುಧಪೂಜೆಯ ದಿನ ತಕ್ಕಡಿಗೆ ಹೂವು ಹಾಕುವಾಗ ನಾನು ಪಕ್ಕದಲ್ಲಿ ನಿಂತಿರುತ್ತಿದ್ದೆ, ಅಷ್ಟೇ. ಇಲ್ಲಿನ ಮಿಷನ್ ಆಸ್ಪತ್ರೆಗೆ ನೂರು ವರ್ಷ ದಾಟಿದೆ, ಅಲ್ಲೇ ಹುಟ್ಟಿದೆವೆಂದು ಹೇಳುವವರು ನಮ್ಮ ಮಂಡಿಯಲ್ಲೇ ಇದ್ದಾರೆ. ಕ್ರೈಸ್ತರೆಂದರೆ ಯಾರೆಂದು ಗೊತ್ತಿಲ್ಲದ ಊರಲ್ಲ ಇದು. ಹಿಂಜರಿಕೆ ನನ್ನದೇ ಬೆಳೆ.

ಒಂದು ಸೋಮವಾರ ಮುಳಬಾಗಿಲು ಕಡೆಯ ಹಿರಿಯ ರೈತರೊಬ್ಬರು ಪಟ್ಟಿಗಾಗಿ ಕಾಯುತ್ತ ನಿಂತಿದ್ದರು. ಎಲ್ಲರೂ ಅವರನ್ನು ಯಜಮಾನರೇ ಎಂದು ಕರೆಯುತ್ತೇವೆ. ಹಿಂದಿನ ದಿನ ಹೆಂಡತಿಯನ್ನು ಆಸ್ಪತ್ರೆಗೆ ಕರೆತಂದಿದ್ದರಂತೆ. "ಏನಪ್ಪಾ, ನಿನ್ನೆ ಬಿಳಿ ಅಂಗಿ ಹಾಕಿಕೊಂಡು, ಕಪ್ಪು ಪುಸ್ತಕ ಹಿಡಿದು ಹೋಗುತ್ತಿದ್ದವನು ನೀನೇ ತಾನೇ?" ಎಂದರು.

"ಸ್ನೇಹಿತರದು ಯಜಮಾನರೇ, ತಲುಪಿಸಲು ಹೋಗುತ್ತಿದ್ದೆ" ಎಂದೆ.

ಅವರು ನಕ್ಕರು. ಪಟ್ಟಿ ಮಡಿಸಿ ಜೇಬಿಗೆ ಹಾಕಿಕೊಂಡು ಹೋದರು.

ಆ ರಾತ್ರಿ ನನಗೆ ಯೇಸುವಿನ ಶಿಷ್ಯ ಪೇತ್ರ ನೆನಪಾದ. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ, ಚಳಿಗೆ ಬೆಂಕಿ ಕಾಯಿಸಿಕೊಳ್ಳುತ್ತ ಕೂತವನನ್ನು ಒಬ್ಬ ದಾಸಿ ಗುರುತು ಹಿಡಿಯುತ್ತಾಳೆ. ಅವನನ್ನು ಕೇಳಿದವಳು ರಾಜನಲ್ಲ, ಸೈನಿಕನಲ್ಲ, ಒಬ್ಬ ಕೆಲಸದ ಹುಡುಗಿ. ಅವನು ಯೇಸುವನ್ನು ನಾನರಿಯೆ ಎನ್ನುತ್ತಾನೆ. ಪಕ್ಕದಲ್ಲಿದ್ದವರು, ನಿನ್ನ ಮಾತಿನ ಧಾಟಿಯೇ ನಿನ್ನನ್ನು ತೋರಿಸಿಕೊಡುತ್ತದೆ ಎನ್ನುತ್ತಾರೆ. ಅವನ ಸೀಮೆಯಾದ ಗಲಿಲಾಯದ ಮಾತಿನ ಧಾಟಿ. ಬೆಂಗಳೂರಿನಲ್ಲಿ ಬಾಯಿ ತೆರೆದೊಡನೆ ಕೋಲಾರದವರೋ ಎಂದು ಕೇಳಿಸಿಕೊಂಡ ನನಗೆ ಆ ಪೇಚು ಚೆನ್ನಾಗಿ ಗೊತ್ತು.

ನನ್ನ ನಾಲಿಗೆ ಕಟ್ಟಿಹಾಕಿದ್ದರಲ್ಲಿ ಭಾಷೆಯದೂ ಪಾಲಿದೆ. ಇಡೀ ಸತ್ಯವೇದ, ಅಂದರೆ ಬೈಬಲ್, ಕನ್ನಡದಲ್ಲಿ ಬಂದದ್ದು 1831ರ ಸುಮಾರಿಗೆ, ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ವರ್ಷಗಟ್ಟಲೆ ದುಡಿಮೆಯಿಂದ. ಆಮೇಲೆ ಅನುವಾದಗಳು ಬದಲಾಗಿವೆ. ಆದರೂ ಚರ್ಚಿನ ಸಭೆಯೊಳಗೆ ನಮಗೊಂದು ಬೇರೆಯೇ ಕನ್ನಡ ಬೆಳೆದಿದೆ. ನೀತೀಕರಣ, ಪಾಪನಿವಾರಣೆ, ಅಭಿಷೇಕ ಹೊಂದುವುದು. ಅಲ್ಲಿ ಅವು ಸಹಜ, ನನಗೆ ಇಷ್ಟವೂ ಹೌದು. ಅದೇ ಮಾತನ್ನು ಮಂಡಿಯಲ್ಲಿ ಆಡಿದರೆ ಮದುವೆಯ ಕೋಟು ತೊಟ್ಟು ಬಾಕ್ಸ್ ಹೊತ್ತಂತೆ. ನಂಬಿಕೆಯ ಮಾತು ಬಂದಾಗಲೆಲ್ಲ ನನ್ನ ದನಿ ತನ್ನಷ್ಟಕ್ಕೆ ಚರ್ಚಿನ ಅಯ್ಯನವರ ದನಿಯಾಗಿಬಿಡುತ್ತಿತ್ತು, ಅದಕ್ಕೇ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಪ್ರಸಂಗ ಮಾಡಲು ಬರುವುದಿಲ್ಲವೆಂದು ಸುಮ್ಮನಿದ್ದೆನಲ್ಲ, ಪ್ರಸಂಗ ಮಾಡು ಎಂದು ಕೇಳಿದವರು ಯಾರು? ಯಜಮಾನರು ಕೇಳಿದ್ದು ಪುಸ್ತಕ ಯಾರದು ಎಂದಷ್ಟೇ.

ಇಷ್ಟು ಹೇಳಿದೆನೆಂದು ನಾಳೆಯಿಂದ ಸಿಕ್ಕಿದವರಿಗೆಲ್ಲ ಹೇಳಿಬಿಡಿ ಎನ್ನುತ್ತಿದ್ದೇನೆ ಎಂದುಕೊಳ್ಳಬೇಡಿ. ಇಟ್ಟುಕೊಳ್ಳಬೇಕಾದ ಹಿಂಜರಿಕೆಯೂ ಇದೆ. ಬಿತ್ತನೆಯ ಹೊತ್ತಿಗೆ ಮಂಡಿಯಿಂದ ಮುಂಗಡ ಪಡೆದ ರೈತರ ಹೆಸರುಗಳು ನನ್ನ ಪುಸ್ತಕದಲ್ಲಿವೆ. ಸಾಲದ ಕಂತು ಮುಂದೂಡಿ ಎಂದು ಕೈಮುಗಿದು ನಿಂತವರ ಮುಂದೆ ನಾನು ಯೇಸುವಿನ ಮಾತು ಎತ್ತುವುದಿಲ್ಲ. ಎತ್ತಬಾರದು. ಆ ಹೊತ್ತಿನಲ್ಲಿ ಅವರು ತಲೆಯಾಡಿಸಿದರೆ ಅದು ನಂಬಿಕೆಗೋ ಮುಂಗಡಕ್ಕೋ? ಆಸ್ಪತ್ರೆಯ ಹಾಸಿಗೆಯ ಪಕ್ಕದಲ್ಲಿ, ಕೆಲಸ ಕೇಳಿ ಬಂದವರ ಮುಂದೆ, ಪರರ ಮಕ್ಕಳ ಮುಂದೆಯೂ ಹೀಗೆಯೇ. ನಮ್ಮ ಸಂವಿಧಾನದ 25ನೇ ವಿಧಿ, ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು, ಧರ್ಮವನ್ನು ಆಚರಿಸುವ ಮತ್ತು ಪ್ರಚಾರ ಮಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಮತ್ತೊಬ್ಬರನ್ನು ಮತಾಂತರಿಸುವ ಹಕ್ಕು ಅದರೊಳಗೆ ಸೇರಿಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಕೆಲವರಿಗೆ ಆ ತೀರ್ಪು ಬಿಗಿ ಎನಿಸುತ್ತದೆ. ನನಗಂತೂ ಹೊರೆ ಇಳಿದಂತಾಯಿತು. ಯಾರ ಮನಸ್ಸನ್ನೂ ತಿರುಗಿಸುವ ಗುತ್ತಿಗೆ ನನಗಿಲ್ಲ, ಕೇಳಿದವರಿಗೆ ನಿಜ ಹೇಳಿದರೆ ಆಯಿತು. ನಿಮ್ಮಲ್ಲಿರುವ ನಿರೀಕ್ಷೆಗೆ ಕಾರಣ ಕೇಳುವವರಿಗೆ ಉತ್ತರ ಹೇಳಲು ಸಿದ್ಧರಾಗಿರಿ, ಆದರೆ ಮೃದುವಾಗಿ, ಗೌರವದಿಂದ ಹೇಳಿ ಎಂಬ ಅರ್ಥದ ಮಾತು ಬೈಬಲ್ಲಿನ ಪತ್ರವೊಂದರಲ್ಲಿದೆ. ಅದು ಪೇತ್ರನ ಹೆಸರಿನ ಪತ್ರ. ಬೆಂಕಿಯ ಪಕ್ಕದಲ್ಲಿ ಅರಿಯೆ ಎಂದವನದೇ.

ಕಳೆದ ಬೇಸಿಗೆಯಲ್ಲಿ ನನ್ನ ಅಮ್ಮ ತೀರಿಕೊಂಡರು. ಮಂಡಿಗೆ ಸುದ್ದಿ ಮುಟ್ಟಿಸಿದೆ, ಯಾರೂ ಬರುತ್ತಾರೆಂದುಕೊಂಡಿರಲಿಲ್ಲ. ಯಜಮಾನರು ಬಸ್ ಹಿಡಿದು ಬಂದಿದ್ದರು. ಶಿಲುಬೆಗಳ ನಡುವೆ ಚಪ್ಪಲಿ ಬಿಟ್ಟು, ಹೆಗಲ ಟವಲ್ ಕೈಗೆ ತೆಗೆದುಕೊಂಡು ನಿಂತಿದ್ದರು. ಎಲ್ಲರಂತೆ ಒಂದು ಹಿಡಿ ಮಣ್ಣು ಹಾಕಿದರು. ನನ್ನ ಹನ್ನೊಂದು ವರ್ಷದ ಹಲ್ಲುನೋವು ಅಲ್ಲಿಗೆ ಮುಗಿಯಿತು.

ಮನೆಯಲ್ಲಿ ಕಾಫಿ ಕುಡಿಯುತ್ತ ಕೇಳಿದರು: "ಅಮ್ಮನನ್ನು ಮತ್ತೆ ನೋಡುತ್ತೇವೆ ಎಂದು ಹಾಡಿದಿರಲ್ಲಪ್ಪಾ, ನೀನು ಅದನ್ನು ನಂಬುತ್ತೀಯಾ?"

"ನಂಬುತ್ತೇನೆ ಯಜಮಾನರೇ. ಆದರೂ ಅಳು ನಿಲ್ಲುತ್ತಿಲ್ಲ."

ನಾನು ಹೇಳಿದ್ದು ಅಷ್ಟೇ. ಬಂದವರಿಂದ ಸಮಾಧಾನ ಬೇಕಾಗಿದ್ದ ಮನುಷ್ಯ ನಾನು, ಕೊಡುವುದಕ್ಕೆ ನನ್ನಲ್ಲಿ ಏನಿತ್ತು? ಬಹುಶಃ ಅದಕ್ಕೇ ಮಾತು ತೊದಲದೆ ಬಂತು.

ತಿಂಗಳು ಕಳೆದ ಮೇಲೆ, ಹರಾಜು ತಡವಾದ ಒಂದು ಮಧ್ಯಾಹ್ನ, ಬಾಕ್ಸಿನ ಮೇಲೆ ಕೂತು ಅವರೇ ಕೇಳಿದರು: "ಆ ಪುಸ್ತಕದಲ್ಲಿ ಏನಿದೆ, ಒಂದು ಹೇಳು." ನಾನು ಬಾವಿಯ ಕಥೆ ಹೇಳಿದೆ. ನಡು ಮಧ್ಯಾಹ್ನ, ನಡೆದು ದಣಿದ ಯೇಸು ಯಾಕೋಬನ ಬಾವಿಯ ಬಳಿ ಕೂತಿದ್ದಾರೆ. ಸಮಾರ್ಯದ ಹೆಂಗಸೊಬ್ಬಳು ನೀರಿಗೆ ಬರುತ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆಯಿಲ್ಲ. ಯೇಸುವೇ ಮೊದಲು ಬಾಯಿ ತೆರೆದು, ನನಗೆ ಕುಡಿಯಲು ನೀರು ಕೊಡು ಎನ್ನುತ್ತಾರೆ.

"ಅವಳ ಕೊಡದಿಂದಲೇ?" ಯಜಮಾನರು ಕೇಳಿದರು.

"ಅವಳದರಿಂದಲೇ. ಅವರ ಬಳಿ ಸೇದುವುದಕ್ಕೂ ಏನೂ ಇರಲಿಲ್ಲ."

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದ ಕಾಲವನ್ನು ಕಂಡವರು ಅವರು. ಅದನ್ನು ನಾನು ವಿವರಿಸಬೇಕಾಗಿರಲಿಲ್ಲ.

ಬಾವಿ ಬಹಳ ಆಳವಾಗಿತ್ತಂತೆ ಎಂದೆ. "ಎಷ್ಟು ಆಳ?" ಎಂದರು. ಸಾವಿರ ಅಡಿ ದಾಟಿದ ಎರಡು ಕೊಳವೆಬಾವಿ ಬತ್ತಿಹೋದ ಮನುಷ್ಯನಿಗೆ ಅದು ಸಣ್ಣ ಪ್ರಶ್ನೆಯಲ್ಲ. ಉಳಿದ ಕಥೆಯನ್ನೂ ಹೇಳಿದೆ. ಅವಳ ಬದುಕಿನ ಮಾತು ಬಂದದ್ದು, ಜೀವಜಲದ ಮಾತು ಬಂದದ್ದು, ಕೊನೆಗೆ ಅವಳು ಕೊಡವನ್ನು ಅಲ್ಲೇ ಬಿಟ್ಟು ಊರಿಗೆ ಓಡಿ, ಬಂದು ನೋಡಿ ಎಂದು ಜನರನ್ನು ಕರೆದದ್ದು.

"ಅದು ಸರಿ. ಅವರಿಗೆ ನೀರು ಸಿಕ್ಕಿತೋ ಇಲ್ಲವೋ?"

ನೆನಪಿನಲ್ಲೇ ಆ ಅಧ್ಯಾಯವನ್ನು ಹುಡುಕಿದೆ. "ಬರೆದಿಲ್ಲ ಯಜಮಾನರೇ."

"ಅದನ್ನು ಬರೆಯಬೇಕಾಗಿತ್ತು" ಎಂದರು. ಅಷ್ಟರಲ್ಲಿ ಹರಾಜಿನ ಕೂಗು ಕೇಳಿಸಿತು. ಟವಲ್ ಕೊಡವಿ ಎದ್ದವರು ಹೋಗುತ್ತ ತಿರುಗಿ ನೋಡಿದರು. "ನಾಳೆ ಆ ಪುಸ್ತಕ ತಂದಿರು. ಸ್ನೇಹಿತರದಾದರೂ ಪರವಾಗಿಲ್ಲ."