ಕುಳ್ಳ ಆಗ್ಬಿಡ್ತಾನಲ್ವಾ ಸಾರ್?

ಕೇಳುಗರಿಗೆ ನಮಸ್ಕಾರ.

ಮೂವತ್ತು ವರ್ಷ ಶಾಲೆಯಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು ನಾನು. ರಿಟೈರ್ ಆದ ಮೇಲೆ ಸುಮ್ನೆ ಕೂರುವುದಕ್ಕೆ ಆಗಲಿಲ್ಲ. ಈಗ ಜಯನಗರದ ಒಂದು ಪಾರ್ಕಿನಲ್ಲಿ ಬೆಳಗ್ಗೆ ಹೊತ್ತು ಮಕ್ಕಳಿಗೆ ವ್ಯಾಯಾಮ ಹೇಳಿಕೊಡುತ್ತೇನೆ.

ಹೋದ ತಿಂಗಳು ಒಂದು ಶನಿವಾರ, ಒಬ್ಬ ತಾಯಿ ಸ್ಕೂಲಿಗೆ ಹೊರಟ ಇಬ್ಬರು ಮಕ್ಕಳ ಜೊತೆ ಬಂದರು. ಮಗನಿಗೆ 14 ವರ್ಷ, ಮಗಳಿಗೆ 9. "ಸಾರ್, ಜಿಮ್ಮಿಗೆ ಸೇರಿಸು ಅಂತ ಇವನು ಒಂದೇ ಹಟ. ಈ ವಯಸ್ಸಲ್ಲಿ ಭಾರ ಎತ್ತಿದ್ರೆ ಕುಳ್ಳ ಆಗ್ಬಿಡ್ತಾನಲ್ವಾ?" ಹಾಗೆ ಕೇಳುವಾಗ ಅವನ ಬ್ಯಾಗು ಅವರ ಹೆಗಲ ಮೇಲಿತ್ತು. ಆ ಭಾರಕ್ಕೆ ಒಂದು ಕಡೆ ವಾಲಿಕೊಂಡೇ ನಿಂತಿದ್ದರು. 9, 10ನೇ ಕ್ಲಾಸಿನವರ ಬ್ಯಾಗು 5 ಕಿಲೋ ದಾಟಬಾರದು ಅಂತ ನಮ್ಮ ರಾಜ್ಯದಲ್ಲಿ 2019ರಲ್ಲೇ ಸುತ್ತೋಲೆ ಬಂದಿದೆ. ಇವನ ಬ್ಯಾಗನ್ನು ನಾನು ಎತ್ತಿ ನೋಡಿದೆ. ಆ ಸುತ್ತೋಲೆ ಈ ಬ್ಯಾಗಿನವರೆಗೆ ತಲುಪಿರಲಿಲ್ಲ!

"ಅಮ್ಮಾ, ಸ್ಕೂಲಿಗೆ ಈ ಭಾರ ಅವನು ದಿನಾ ಹೊರ್ತಾನೇ ಇದಾನೆ. ಎತ್ತೋ ರೀತಿ ಕಲಿತಿಲ್ಲ, ಅಷ್ಟೆ" ಅಂದೆ.

ಈ ಕುಳ್ಳ ಆಗುವ ಭಯ ಪೂರ್ತಿ ಗಾಳಿಮಾತಲ್ಲ. ಬೆಳೆಯುವ ಮಕ್ಕಳ ಉದ್ದ ಮೂಳೆಗಳ ತುದಿಯ ಹತ್ತಿರ ಮೆತ್ತನೆಯ ಒಂದು ಪದರ ಇರುತ್ತದೆ. ಮೂಳೆ ಬೆಳೆಯುವುದು ಅಲ್ಲಿಂದಲೇ. ಹರೆಯ ಕಳೆಯುವ ಹೊತ್ತಿಗೆ ಅದು ಗಟ್ಟಿಯಾಗಿ ಮೂಳೆಯಲ್ಲೇ ಸೇರಿಹೋಗುತ್ತದೆ. ಅದಕ್ಕೆ ಜೋರು ಪೆಟ್ಟು ಬಿದ್ದರೆ ತೊಂದರೆ ಆಗಬಹುದು. ಆದರೆ ಪೆಟ್ಟು ಬೀಳುವುದು ಯಾವಾಗ? ಸೈಕಲ್ಲಿನಿಂದ ಬಿದ್ದಾಗ, ಗೋಡೆ ಹಾರುವಾಗ ಎಡವಿದಾಗ, ಇಲ್ಲವೇ ಗೆಳೆಯರೆದುರು ಶೋಕಿಗೆ ಮೈಮೀರಿದ ಭಾರ ಎತ್ತಲು ಹೋದಾಗ. ಬಲ್ಲವರ ಕಣ್ಣೆದುರು ಹದವಾಗಿ ಮಾಡಿದರೆ ಎತ್ತರ ನಿಂತುಹೋಗುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಮೂಳೆ, ಸ್ನಾಯು ಗಟ್ಟಿಮಾಡುವ ಚಟುವಟಿಕೆ 5ರಿಂದ 17 ವರ್ಷದವರಿಗೆ ವಾರಕ್ಕೆ ಕನಿಷ್ಠ 3 ದಿನ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ 2020ರಲ್ಲಿ ಹೇಳಿದೆ. ಹುಡುಗರಿಗೆ ಮಾತ್ರ ಅಂತೇನೂ ಹೇಳಿಲ್ಲ. ಪಿ.ಟಿ. ಪೀರಿಯಡ್ಡಿನಲ್ಲಿ ಹುಡುಗಿಯರನ್ನು ಮರದಡಿ ಕೂರಿಸಿದ ಮೇಷ್ಟ್ರುಗಳಲ್ಲಿ ನಾನೂ ಒಬ್ಬ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ.

ನಮ್ಮೂರಿಗೆ ಇದೇನು ಹೊಸದಾ? ಪೇಟೆ ಬೀದಿಗಳ ಗರಡಿ ಮನೆಗಳಲ್ಲಿ ಚಿಕ್ಕ ಹುಡುಗರೂ ಕೆಮ್ಮಣ್ಣಿಗೆ ಇಳಿಯುತ್ತಿದ್ದರು. ಬೆಂಗಳೂರು ಕರಗದಲ್ಲಿ ಕತ್ತಿ ಹಿಡಿದು ಸಾಗುವ ವೀರಕುಮಾರರಿಗೆ ಇವತ್ತಿಗೂ ಗರಡಿಯ ನಂಟಿದೆ. ಬಂದವನ ಕೈಗೆ ಮೊದಲ ದಿನವೇ ಯಾರೂ ಗದೆ ಕೊಡುತ್ತಿರಲಿಲ್ಲ. ಮೊದಲು ದಂಡ, ಬಸ್ಕಿ. ಆ ಬಸ್ಕಿಯನ್ನು ಕಿವಿ ಹಿಡಿಸಿ ಶಿಕ್ಷೆ ಮಾಡಿಬಿಟ್ಟವರು ನಾವು, ಶಾಲೆಯವರು.

ಆ ಹುಡುಗನಿಗೂ ಬಸ್ಕಿಯಿಂದಲೇ ಶುರು ಮಾಡಿಸಿದೆ. ಅವನಿಗೆ ಬೇಜಾರು. ಮೊಬೈಲಿನಲ್ಲಿ ನೋಡಿದ್ದೆಲ್ಲ ದೊಡ್ಡ ದೊಡ್ಡ ಪ್ಲೇಟುಗಳು. ಹಿಂದೆ ಒಂದು ಸ್ಟೂಲ್ ಇಟ್ಟೆ. "ಕೂರೋ ಹಾಗೆ ಇಳಿ, ಆದ್ರೆ ಕೂರ್ಬೇಡ. ಹಿಮ್ಮಡಿ ನೆಲ ಬಿಡಬಾರದು. ಮಂಡಿ ಒಳಗೆ ಬೀಳಬಾರದು." ನಾಲ್ಕನೆಯದಕ್ಕೇ ಹಿಮ್ಮಡಿ ಎದ್ದಿತು, ಆರನೆಯದಕ್ಕೆ ಧಪ್ ಅಂತ ಸ್ಟೂಲಿನ ಮೇಲೆ ಕೂತ. ಪಕ್ಕದಲ್ಲಿ ತಂಗಿ, ಯಾರೂ ಹೇಳದೆಯೇ, ಹತ್ತು ಹೊಡೆದಿದ್ದಳು. ಬೆನ್ನು ನೆಟ್ಟಗೆ, ಹಿಮ್ಮಡಿ ನೆಲಕ್ಕೆ ಅಂಟಿದ ಹಾಗೆ.

ಅವನಿಗೆ ನಾನು ಹಾಕಿಕೊಟ್ಟ ಲೆಕ್ಕ ಇಷ್ಟೆ. ವಾರಕ್ಕೆ ಮೂರು ದಿನ, ನಡುವೆ ಒಂದೊಂದು ದಿನ ಬಿಡುವು. ಒಂದೊಂದು ವ್ಯಾಯಾಮ ಹತ್ತರಿಂದ ಹದಿನೈದು ಸಲ. ಕೊನೆಯ ಸಲವೂ ಮೊದಲನೆಯದರಷ್ಟೇ ಚೆನ್ನಾಗಿ ಬಂದರೆ ಮಾತ್ರ ಭಾರ. ಭಾರಕ್ಕೆ ನೀರಿನ ಬಾಟಲಿ ಸಾಕು. ಒಂದು ಲೀಟರ್ ಅಂದರೆ ಒಂದು ಕಿಲೋ, ಬೇಕಾದಷ್ಟು ತುಂಬಿಸಿಕೊಳ್ಳಬಹುದು. ಒಂದೇ ಸಲಕ್ಕೆ ಎಷ್ಟು ಎತ್ತಬಲ್ಲೆ ನೋಡೋಣ ಅನ್ನುವ ಪಂದ್ಯ ಬೇಡವೇ ಬೇಡ. ಪಾರ್ಕಿನ ಓಪನ್ ಜಿಮ್ ಯಂತ್ರಗಳು ದೊಡ್ಡವರ ಅಳತೆಯವು. ಮಕ್ಕಳು ಅದನ್ನು ಉಯ್ಯಾಲೆ ಮಾಡಿಕೊಳ್ಳುತ್ತಾರೆ, ಬೆರಳು ಸಿಕ್ಕಿಸಿಕೊಳ್ಳುತ್ತಾರೆ. ಹೃದಯದ ತೊಂದರೆ, ಫಿಟ್ಸ್, ಬಿ.ಪಿ. ಇರುವ ಮಕ್ಕಳಾದರೆ ಮೊದಲು ಡಾಕ್ಟರನ್ನು ಕೇಳಿ.

ಎರಡು ವಾರ ಆದಮೇಲೆ ಅವನು ತೋಳು ಮಡಚಿ ತೋರಿಸಿದ. "ಏನೂ ಬಂದಿಲ್ಲ ಸಾರ್." ಇಷ್ಟು ಬೇಗ ಬರುವುದೂ ಇಲ್ಲ. ಚಿಕ್ಕ ಮಕ್ಕಳಲ್ಲಂತೂ ಶಕ್ತಿ ಹೆಚ್ಚುವುದು ಸ್ನಾಯು ಉಬ್ಬಿ ಅಲ್ಲ. ನರಗಳು ಸ್ನಾಯುಗಳನ್ನು ಇನ್ನೂ ಚೆನ್ನಾಗಿ ದುಡಿಸಿಕೊಳ್ಳುವುದನ್ನು ಕಲಿಯುತ್ತವೆ. ಕನ್ನಡಿಗೆ ಅದು ಕಾಣುವುದಿಲ್ಲ. ಪ್ರೋಟೀನ್ ಪೌಡರ್ ತಗೊಳ್ಳಲಾ ಅಂದ. ಮನೆಯಲ್ಲಿ ಮೊಟ್ಟೆ ಇದೆಯಾ, ಹುರುಳಿಕಾಳು ಇದೆಯಾ, ಮೊಸರು ಇದೆಯಾ ಅಂತ ಕೇಳಿದೆ. ಎಲ್ಲಾ ಇತ್ತು. ತಿನ್ನುವ ಮನಸ್ಸೊಂದು ಇರಲಿಲ್ಲ.

ಮೊನ್ನೆ ಮೊದಲ ಸಲ ಹನ್ನೆರಡು ಬಸ್ಕಿ ಸರಿಯಾಗಿ ಹೊಡೆದ. ಎರಡು ಬಾಟಲಿಗೂ ಒಂದೊಂದು ಲೀಟರ್ ತುಂಬಿಸಿ ಕೈಗೆ ಕೊಟ್ಟೆ. ತಂಗಿ ಓಡಿ ಬಂದಳು. "ನಂಗೆಷ್ಟು ಸಾರ್?" ಅರ್ಧರ್ಧ ಲೀಟರ್ ಅಂದೆ. ಸಾಲದು ಅಂತ ಮುಖ ಊದಿಸಿಕೊಂಡು ನಲ್ಲಿಯ ಕಡೆ ಹೋದಳು.

ನಮಸ್ಕಾರ.