ಕೆಟಲ್ ಕಥೆ ಸಾಕು, ಬಾಯ್ಲರ್ ತೋರಿಸಿ

ಜೇಮ್ಸ್ ವಾಟ್ ಎಂಬ ಹುಡುಗ ಒಲೆಯ ಮೇಲಿನ ಕೆಟಲಿನ ಮುಚ್ಚಳ ಕುಣಿಯುವುದನ್ನು ಕಂಡು ಉಗಿ ಎಂಜಿನನ್ನು ಕಂಡುಹಿಡಿದನು ಎಂಬ ಕಥೆಯನ್ನು ನಾವೆಲ್ಲರೂ ಶಾಲೆಯಲ್ಲಿ ಕೇಳಿ ಬೆಳೆದವರು. ಈ ಕಥೆಯನ್ನು ಮಕ್ಕಳಿಗೆ ಹೇಳುವುದನ್ನು ಇನ್ನಾದರೂ ನಿಲ್ಲಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಾಟ್ ಹುಟ್ಟಿದ್ದು 1736ರಲ್ಲಿ. ಅದಕ್ಕೂ ಮೊದಲೇ, 1712ರಲ್ಲಿ, ಥಾಮಸ್ ನ್ಯೂಕಾಮೆನ್ ಕಟ್ಟಿದ ಎಂಜಿನು ಇಂಗ್ಲೆಂಡಿನ ಕಲ್ಲಿದ್ದಲು ಗಣಿಯಿಂದ ನೀರೆತ್ತುತ್ತಿತ್ತು. ಇದಕ್ಕಿಂತ ದೊಡ್ಡ ತೊಡಕೆಂದರೆ, ರೈಲು ಏಕೆ ಓಡಿತು ಎಂಬ ಪ್ರಶ್ನೆಗೆ ಆ ಕಥೆಯಲ್ಲಿ ಉತ್ತರವೇ ಇಲ್ಲ.

ನ್ಯೂಕಾಮೆನ್‌ನ ಎಂಜಿನಿನಲ್ಲಿ ಸಿಲಿಂಡರಿಗೆ ಉಗಿ ತುಂಬಿ, ಅದರೊಳಕ್ಕೆ ತಣ್ಣೀರು ಚಿಮುಕಿಸುತ್ತಿದ್ದರು. ಉಗಿ ನೀರಾಗಿ ಕುಗ್ಗಿದಾಗ ಒಳಗೆ ಉಂಟಾದ ಶೂನ್ಯದತ್ತ ಹೊರಗಿನ ಗಾಳಿಯ ಒತ್ತಡವೇ ಪಿಸ್ಟನ್ನನ್ನು ದೂಡುತ್ತಿತ್ತು. ಕಾದ ಸಿಲಿಂಡರನ್ನು ಪ್ರತಿ ಸಲವೂ ತಣಿಸಿ ಮತ್ತೆ ಕಾಯಿಸಬೇಕಾದ್ದರಿಂದ ಕಲ್ಲಿದ್ದಲು ವಿಪರೀತ ಖರ್ಚಾಗುತ್ತಿತ್ತು. ಉಗಿಯನ್ನು ಬೇರೊಂದು ಪಾತ್ರೆಯಲ್ಲಿ ತಣಿಸುವ ಉಪಾಯವನ್ನು ವಾಟ್ 1765ರಲ್ಲಿ ಕಂಡುಕೊಂಡು, 1769ರಲ್ಲಿ ಪೇಟೆಂಟ್ ಪಡೆದನು. ಅದು ಮಹತ್ತ್ವದ ಕೆಲಸವೇ ಹೌದು. ಆದರೆ ವಾಟ್‌ನ ಎಂಜಿನಿನ ಉಗಿಯೂ ಕಡಿಮೆ ಒತ್ತಡದ್ದೇ; ಅಷ್ಟು ಕಡಿಮೆ ಒತ್ತಡದಲ್ಲಿ ಬಲ ಬೇಕೆಂದರೆ ಸಿಲಿಂಡರು ಬೃಹತ್ತಾಗಿರಬೇಕು, ತಣಿಸಲು ತಣ್ಣೀರು ಸದಾ ಹರಿಯುತ್ತಿರಬೇಕು. ನದಿಯ ಮೇಲಿನ ದೋಣಿಗೆ ಇದು ಒಗ್ಗಿತು. 1807ರಲ್ಲಿ ರಾಬರ್ಟ್ ಫುಲ್ಟನ್ ನ್ಯೂಯಾರ್ಕಿನಿಂದ ಆಲ್ಬನಿಗೆ ಹಡ್ಸನ್ ನದಿಯಲ್ಲಿ ನಡೆಸಿದ ಹಡಗಿಗೆ ವಾಟ್‌ನ ಕಂಪನಿಯ ಎಂಜಿನೇ ಇತ್ತು. ನೆಲದ ಮೇಲೆ ಮಾತ್ರ ಆ ಎಂಜಿನು ತನ್ನ ಭಾರವನ್ನೇ ತಾನು ಹೊರಲಾರದು.

ತನ್ನನ್ನು ತಾನೇ ಹೊತ್ತು ನಡೆಯುವ ಎಂಜಿನನ್ನು ಕೊಟ್ಟವನು ಕಾರ್ನ್‌ವಾಲಿನ ರಿಚರ್ಡ್ ಟ್ರೆವಿಥಿಕ್. ವಾಟ್‌ನ ಪೇಟೆಂಟ್ 1800ರಲ್ಲಿ ಮುಗಿಯಿತು. ಉಗಿಯನ್ನು ತಣಿಸುವ ಗೊಡವೆಯೇ ಬೇಡ, ಹೆಚ್ಚಿನ ಒತ್ತಡದ ಉಗಿಯೇ ಪಿಸ್ಟನ್ನನ್ನು ದೂಡಲಿ, ಕೆಲಸ ಮುಗಿದ ಮೇಲೆ ಹೊರಗೆ ಹೋಗಲಿ ಎಂದು ಟ್ರೆವಿಥಿಕ್ ಹೊರಟನು. ಅಂಥ ಉಗಿ ಅಪಾಯಕಾರಿ ಎಂದು ವಾಟ್ ವಿರೋಧಿಸಿದನು. ಆ ಭಯ ಸುಳ್ಳಾಗಿರಲಿಲ್ಲ. 1803ರಲ್ಲಿ ಗ್ರೀನಿಚ್‌ನಲ್ಲಿ ಟ್ರೆವಿಥಿಕ್‌ನ ಬಾಯ್ಲರ್ ಸಿಡಿದು ಜನ ಸತ್ತರು. ಅವನು ಕೈಚೆಲ್ಲಲಿಲ್ಲ; ನೀರು ಇಳಿದು ಬಾಯ್ಲರ್ ಮಿತಿಮೀರಿ ಕಾದರೆ ಕರಗಿ ಉಗಿಯನ್ನು ಹೊರಬಿಡುವ ಸೀಸದ ಬೆಣೆಯನ್ನು ಅಳವಡಿಸಿದನು. 1804ರ ಫೆಬ್ರುವರಿ 21ರಂದು ವೇಲ್ಸಿನ ಪೆನಿಡ್ಯಾರನ್‌ನಲ್ಲಿ ಅವನ ಎಂಜಿನು 10 ಟನ್ ಕಬ್ಬಿಣವನ್ನೂ ಸುಮಾರು 70 ಜನರನ್ನೂ ಎಳೆದುಕೊಂಡು ಸುಮಾರು 16 ಕಿಲೋಮೀಟರ್ ಸಾಗಿತು. ಅದರ ಭಾರಕ್ಕೆ ಎರಕದ ಕಬ್ಬಿಣದ ಹಳಿಗಳು ಮುರಿದವು. 1833ರಲ್ಲಿ ಅವನು ಕೈಯಲ್ಲಿ ಕಾಸಿಲ್ಲದೆ ತೀರಿಕೊಂಡನು. ನಮ್ಮ ಮಕ್ಕಳಿಗೆ ಇವನ ಹೆಸರೇ ಗೊತ್ತಿಲ್ಲದಿರುವುದು ನನಗೆ ನಿಜಕ್ಕೂ ನೋವಿನ ಸಂಗತಿ.

ಉಳಿದ ಪ್ರಶ್ನೆ ಬಾಯ್ಲರಿನದು. ಒಂದು ಲೀಟರ್ ನೀರು ಸಾಮಾನ್ಯ ಒತ್ತಡದಲ್ಲಿ ಉಗಿಯಾದರೆ ಸುಮಾರು 1,600 ಲೀಟರಿನಷ್ಟು ಜಾಗ ಬೇಡುತ್ತದೆ. ಆದರೆ ಓಡುವ ಎಂಜಿನಿಗೆ ಅಂಥ ಉಗಿ ಕ್ಷಣಕ್ಷಣಕ್ಕೂ ಹುಟ್ಟುತ್ತಿರಬೇಕು. ನಮ್ಮ ಮನೆಯ ಬಚ್ಚಲಿನಲ್ಲಿ ಮೊದಲು ದೊಡ್ಡ ಹಂಡೆಯಿತ್ತು; ಬೆಂಕಿ ಅದರ ತಳಕ್ಕಷ್ಟೇ ತಾಗುತ್ತಿತ್ತು, ನೀರು ಕಾಯಲು ಬಹಳ ಹೊತ್ತು ಬೇಕಿತ್ತು. ಆಮೇಲೆ ನಡುವೆ ಕೊಳವೆಯಿರುವ ತಾಮ್ರದ ಬಾಯ್ಲರ್ ಬಂದಿತು. ಬೆಂಕಿ ನೀರಿನ ನಡುವೆಯೇ ಹಾದುಹೋಗುತ್ತಿದ್ದುದರಿಂದ ನಾಲ್ಕು ತೆಂಗಿನ ಚಿಪ್ಪಿನಲ್ಲಿ ನೀರು ಕಾಯುತ್ತಿತ್ತು. ಇಂಗ್ಲೆಂಡಿನ ಜಾರ್ಜ್ ಮತ್ತು ರಾಬರ್ಟ್ ಸ್ಟೀಫನ್‌ಸನ್ ಎಂಬ ತಂದೆ-ಮಗ ಕಟ್ಟಿದ ‘ರಾಕೆಟ್’ ಎಂಬ ರೈಲು ಎಂಜಿನಿನ ಗುಟ್ಟೂ ಇದೇ. ಅದರಲ್ಲಿ ಅಂಥ ಕೊಳವೆ ಒಂದಲ್ಲ, 25 ಇದ್ದವು. 1829ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ರೇನ್‌ಹಿಲ್‌ನಲ್ಲಿ ನಡೆದ ರೈಲು ಎಂಜಿನುಗಳ ಸ್ಪರ್ಧೆಯನ್ನು ಗೆದ್ದದ್ದು ಅದೇ ಎಂಜಿನು.

ಈ ಕೊಳವೆಗಳ ಮೂಲಕ ಬೆಂಕಿಯನ್ನು ಎಳೆಯುವವರು ಯಾರು? ಸಿಲಿಂಡರಿನಲ್ಲಿ ದುಡಿದ ಉಗಿಯೇ. ಅದನ್ನು ಚಿಮಣಿಯ ಬುಡದಲ್ಲಿ ಕಿರಿದಾದ ಬಾಯಿಯಿಂದ ಮೇಲಕ್ಕೆ ಚಿಮ್ಮಿಸಿದರೆ, ಅದು ಹೊಗೆಯನ್ನು ಸೆಳೆದೊಯ್ಯುತ್ತದೆ, ಹಿಂದೆ ಬೆಂಕಿಗೆ ಹೊಸ ಗಾಳಿ ನುಗ್ಗುತ್ತದೆ. ಇದು ಎಂಜಿನಿನ ಊದುಗೊಳವೆ. ದುಡಿತ ಹೆಚ್ಚಿದಷ್ಟೂ ಬೆಂಕಿ ತಾನಾಗಿ ಹೆಚ್ಚುತ್ತದೆ. ನಾವು ಚುಕುಬುಕು ಎಂದು ಕರೆಯುವ ಸದ್ದು ಇದೇ ಉಸಿರಾಟದ ಸದ್ದು. ಕನ್ನಡದವರು ರೈಲಿಗೆ ಹೊಗೆಬಂಡಿ ಎಂದೂ ಉಗಿಬಂಡಿ ಎಂದೂ ಎರಡು ಹೆಸರಿಟ್ಟರು. ಆ ಹೊಗೆಯೂ ಉಗಿಯೂ ಒಂದೇ ಚಿಮಣಿಯಲ್ಲಿ ಹೊರಬರುವುದು ಆಕಸ್ಮಿಕವಲ್ಲ.

ಮೆಟ್ಟುಪಾಳ್ಯದಿಂದ ಕೂನೂರಿಗೆ ಹೋಗುವ ನೀಲಗಿರಿ ರೈಲಿನಲ್ಲಿ ನಾನು ಇದನ್ನು ಕಣ್ಣಾರೆ ಕಂಡಿದ್ದೇನೆ. ಕಲ್ಲಾರ್ ದಾಟಿದ ಮೇಲೆ 12 ಅಡಿಗೆ 1 ಅಡಿಯವರೆಗೂ ಏರು ಇದೆ. ಎಂಜಿನು ಹಲ್ಲುಹಳಿಯನ್ನು ಕಚ್ಚಿಕೊಂಡು ಹಿಂದಿನಿಂದ ದೂಡುತ್ತದೆ. ಕೊನೆಯ ಬೋಗಿಯಲ್ಲಿ ಕುಳಿತಿದ್ದ ನನಗೆ ಒಂದೊಂದು ಉಸಿರನ್ನೂ ಎಣಿಸಲು ಸಾಧ್ಯವಾಯಿತು. ನೀರು ತುಂಬಿಸಲು ನಿಂತಾಗ ಹೊಗೆ ಸೊರಗಿ ತೆಳ್ಳಗಾಯಿತು. ಹೊರಟು ಮೊದಲ ಉಸಿರು ಬಿಟ್ಟೊಡನೆ ಮತ್ತೆ ಕಪ್ಪಗೆ ಎದ್ದಿತು.

ನಮ್ಮಲ್ಲಿ ಎಷ್ಟೋ ರೈಲು ನಿಲ್ದಾಣಗಳ ಮುಂದೆ ಹಳೆಯ ಉಗಿ ಎಂಜಿನುಗಳನ್ನು ಕಟ್ಟೆಯ ಮೇಲೆ ನಿಲ್ಲಿಸಿ, ಬಣ್ಣ ಬಳಿದು ಇಟ್ಟಿದ್ದಾರೆ. ಮಕ್ಕಳು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋಗುತ್ತಾರೆ, ಒಳಗೇನಿದೆ ಎಂದು ಕಾಣುವುದಿಲ್ಲ. ಅವುಗಳಲ್ಲಿ ಒಂದರ ಮಗ್ಗುಲನ್ನಾದರೂ ಕತ್ತರಿಸಿ ಗಾಜು ಕೂರಿಸಬೇಕು. ಬೆಂಕಿಗೂಡು, ಸಾಲುಗಟ್ಟಿದ ಕೊಳವೆಗಳು, ಚಿಮಣಿಯ ಬುಡದ ಆ ಕಿರುಬಾಯಿ ಇವೆಲ್ಲವೂ ಕಾಣುವಂತಿರಬೇಕು, ಪಕ್ಕದಲ್ಲಿ ಟ್ರೆವಿಥಿಕ್‌ನ ಹೆಸರು ಕನ್ನಡದಲ್ಲಿ ಬರೆದಿರಬೇಕು.